ಡೀಸೆಲ್ ಟ್ಯಾಂಕಿಯ ತಳದಲ್ಲಿ ಬೆಳೆಯುವ ಲೋಳೆ: ಕಾರಣವೂ ತಡೆಯೂ

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಕಡಲಿಗಿಳಿಯುವ ದೋಣಿಯೊಂದು ಮಲ್ಪೆ ಬಂದರಿನ ಧಕ್ಕೆಯಲ್ಲಿ ನಿಂತಿರುವಾಗ ಒಂದೇ ಪ್ರಯತ್ನಕ್ಕೆ ಸ್ಟಾರ್ಟ್ ಆಗುತ್ತದೆ, ಅರ್ಧ ಗಂಟೆ ನಿಂತಲ್ಲೇ ಓಡಿಸಿದರೂ ತಕರಾರು ಮಾಡುವುದಿಲ್ಲ. ಅಳಿವೆಬಾಗಿಲು ದಾಟಿ ತೆರೆಗಳ ಹೊಯ್ದಾಟಕ್ಕೆ ಸಿಕ್ಕ ಮೇಲೆ ಮಾತ್ರ ಎಂಜಿನ್ನಿನ ವೇಗ ತಾನಾಗಿ ಇಳಿಯತೊಡಗುತ್ತದೆ. ಆಕ್ಸಿಲರೇಟರ್ ಕೊಟ್ಟರೂ ಏರುವುದಿಲ್ಲ, ಕೊನೆಗೆ ನಿಂತೇ ಹೋಗುತ್ತದೆ. ಫಿಲ್ಟರ್ ಬಿಚ್ಚಿ ನೋಡಿದರೆ ಒಳಗೆ ಕಂದು ಅಥವಾ ಕಪ್ಪು ಬಣ್ಣದ, ಬೆರಳಿಗೆ ಅಂಟಿಕೊಳ್ಳುವ ಲೋಳೆ. ಹೊಸ ಫಿಲ್ಟರ್ ಹಾಕಿ ಏರ್ ತೆಗೆದರೆ ದೋಣಿ ಮತ್ತೆ ಓಡುತ್ತದೆ, ಆದರೆ ಎರಡನೆಯ ಫಿಲ್ಟರ್ ಮೊದಲನೆಯದಕ್ಕಿಂತ ಬೇಗ ಕಟ್ಟುತ್ತದೆ. ಇಂಥ ಹೊತ್ತಿನಲ್ಲಿ ಬರುವ ಮೊದಲ ಮಾತು ಡೀಸೆಲ್ ಕಲಬೆರಕೆಯದ್ದು ಎಂಬುದು. ಬಂಕಿನವರ ಮೇಲೆ ತಪ್ಪು ಹೊರಿಸುವ ಮುನ್ನ ಟ್ಯಾಂಕಿಯ ತಳವನ್ನು ನೋಡುವುದು ಒಳ್ಳೆಯದು, ಏಕೆಂದರೆ ಆ ಲೋಳೆ ಅನೇಕ ಸಲ ಅಲ್ಲೇ, ಎರಡು ತಿಂಗಳ ಬಿಡುವಿನಲ್ಲಿ, ಜೀವಿಗಳಿಂದ ಬೆಳೆದದ್ದಾಗಿರುತ್ತದೆ.

ಡೀಸೆಲ್ಲಿನಲ್ಲಿ ಜೀವಿ ಬದುಕುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಡೀಸೆಲ್ ಎಂಬುದು ಇಂಗಾಲ ಮತ್ತು ಜಲಜನಕದ ಸರಪಳಿಗಳ ಮಿಶ್ರಣ, ಮತ್ತು ಅದರಲ್ಲಿ ಹೇರಳವಾಗಿರುವ ಹತ್ತರಿಂದ ಹದಿನೆಂಟು ಇಂಗಾಲದ ನೇರ ಸರಪಳಿಗಳು ಕೆಲವು ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಶಿಲೀಂಧ್ರಗಳಿಗೆ ಸಲೀಸಾಗಿ ಜೀರ್ಣವಾಗುವ ಆಹಾರ. ಕಡಲಲ್ಲಿ ಚೆಲ್ಲಿದ ಎಣ್ಣೆಯನ್ನು ಕಾಲಕ್ರಮದಲ್ಲಿ ಕರಗಿಸುವುದೂ ಇಂಥ ಜೀವಿಗಳೇ. ಟ್ಯಾಂಕಿಗಳಲ್ಲಿ ಹೆಚ್ಚು ಕುಖ್ಯಾತವಾದ ಶಿಲೀಂಧ್ರದ ಹೆಸರು ಹಾರ್ಮೋಕೋನಿಸ್ ರೆಸಿನೇ; ವಿಮಾನ ಇಂಧನದವರು ಅದನ್ನು ಸೀಮೆಎಣ್ಣೆಯ ಬೂಷ್ಟು ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. 1950ರ ದಶಕದ ಬಳಿಕ ಜೆಟ್ ವಿಮಾನಗಳು ಹೆಚ್ಚಿ, ರೆಕ್ಕೆಯೊಳಗಿನ ಟ್ಯಾಂಕಿಗಳಲ್ಲಿ ಸೀಮೆಎಣ್ಣೆಯ ಜಾತಿಯ ಇಂಧನ ತುಂಬತೊಡಗಿದಾಗ ಇದರ ಹಾವಳಿ ಎದ್ದು ಕಂಡಿತು, ಅಲ್ಯೂಮಿನಿಯಂ ತಳಗಳಲ್ಲಿ ಗುಳಿ ಬಿದ್ದವು. ಈ ವಿಷಯದಲ್ಲಿ ಇಂದು ನಮಗಿರುವ ತಿಳಿವಳಿಕೆಯಲ್ಲಿ ಬಹುಪಾಲು ಆ ಕಾಲದಿಂದ ಬಂದದ್ದು. ಶಿಲೀಂಧ್ರದ ಜೊತೆಗೆ ಸೂಡೋಮೊನಾಸ್ ಗುಂಪಿನ ಬ್ಯಾಕ್ಟೀರಿಯಾಗಳೂ ಸಾಮಾನ್ಯವಾಗಿ ಸಿಗುತ್ತವೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಒಂದಿದೆ. ಈ ಜೀವಿಗಳು ಡೀಸೆಲ್ಲನ್ನು ತಿನ್ನುತ್ತವೆಯೇ ಹೊರತು ಡೀಸೆಲ್ಲಿನಲ್ಲಿ ವಾಸಿಸುವುದಿಲ್ಲ. ಅವುಗಳ ವಾಸ ನೀರಿನಲ್ಲಿ. ಡೀಸೆಲ್ಲಿನ ಸಾಂದ್ರತೆ ಸುಮಾರು 0.83, ಆದ್ದರಿಂದ ಟ್ಯಾಂಕಿಗೆ ಹೇಗೋ ಬಂದ ನೀರು ತಳ ಸೇರುತ್ತದೆ. ಆ ನೀರು ಮತ್ತು ಅದರ ಮೇಲಿನ ಡೀಸೆಲ್ ಕೂಡುವ ಗಡಿಯಲ್ಲಿ, ಕೆಳಗಿನಿಂದ ನೀರನ್ನೂ ಮೇಲಿನಿಂದ ಆಹಾರವನ್ನೂ ಪಡೆಯುತ್ತಾ ಜೀವಿಗಳು ತೆಳ್ಳನೆಯ ಚಾಪೆಯಂತೆ ಹರಡುತ್ತವೆ. ಮಿಡಿ ಉಪ್ಪಿನಕಾಯಿಯ ಭರಣಿಗೆ ಒದ್ದೆ ಸೌಟು ಹಾಕಿದವರಿಗೆ ಈ ನ್ಯಾಯ ಬೇರೆಯಾಗಿ ವಿವರಿಸಬೇಕಾಗಿಲ್ಲ. ಒಂದು ಮಿಲಿಮೀಟರ್ ದಪ್ಪದ ನೀರಿನ ಪದರ ಮನುಷ್ಯನ ಕಣ್ಣಿಗೆ ಏನೂ ಅಲ್ಲ. ಒಂದೆರಡು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು ಗಾತ್ರದ ಬ್ಯಾಕ್ಟೀರಿಯಾಕ್ಕೆ ಅದೊಂದು ಕೆರೆ. ನೀರಿಲ್ಲದ ಟ್ಯಾಂಕಿಯಲ್ಲಿ ಬೀಜಕಣಗಳು ಇದ್ದರೂ ಸುಮ್ಮನೆ ಬಿದ್ದಿರುತ್ತವೆ, ಬೆಳೆಯುವುದಿಲ್ಲ. ತಡೆಯ ವಿಚಾರದಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ವಿಸ್ತರಣೆಯಷ್ಟೇ: ನೀರನ್ನು ದೂರವಿಟ್ಟವನಿಗೆ ಔಷಧಿಯ ಅಗತ್ಯ ಅಪರೂಪ, ನೀರನ್ನು ಬಿಟ್ಟುಕೊಂಡವನಿಗೆ ಯಾವ ಔಷಧಿಯೂ ಶಾಶ್ವತವಲ್ಲ.

ಜೀವಿಗಳು ಎಲ್ಲಿಂದ ಬರುತ್ತವೆ ಎಂದು ಹುಡುಕುತ್ತಾ ಹೋಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ರಿಫೈನರಿಯ ಗೋಪುರದಲ್ಲಿ ಡೀಸೆಲ್ ಸುಮಾರು 180ರಿಂದ 360 ಡಿಗ್ರಿಯ ನಡುವೆ ಆವಿಯಾಗಿ ಬೇರ್ಪಡುವ ವಸ್ತು. ಮಂಗಳೂರಿನ ಉತ್ತರಕ್ಕೆ ಎಂಆರ್‌ಪಿಎಲ್ ಗೋಪುರದಿಂದ ಇಳಿಯುವಾಗ ಅದರಲ್ಲಿ ಯಾವ ಜೀವಿಯೂ ಉಳಿದಿರಲಾರದು. ಅಲ್ಲಿಂದ ಮುಂದೆ ದೊಡ್ಡ ಟ್ಯಾಂಕಿ, ಲಾರಿ, ಬಂಕಿನ ನೆಲದಡಿಯ ಟ್ಯಾಂಕಿ, ಪೈಪು, ನಮ್ಮ ಡ್ರಮ್ಮು ಎಂದು ಪ್ರತಿ ಹಂತದಲ್ಲೂ ಗಾಳಿ ಮತ್ತು ಧೂಳಿನೊಡನೆ ಬೀಜಕಣಗಳು ಸೇರಿಕೊಳ್ಳುತ್ತವೆ. ಅವನ್ನು ಪೂರ್ತಿ ತಡೆಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಬೆಳವಣಿಗೆಗೆ ಒದಗುವ ಪರಿಸ್ಥಿತಿಯನ್ನು ಮಾತ್ರ ತಡೆಯಬಹುದು.

ಕರಾವಳಿಯಲ್ಲಿ ಆ ಪರಿಸ್ಥಿತಿ ವರ್ಷವಿಡೀ ಸಿದ್ಧವಾಗಿಯೇ ಇರುತ್ತದೆ. ಇಂಥ ಜೀವಿಗಳಿಗೆ ಹಿತವಾದ ಉಷ್ಣಾಂಶ 25ರಿಂದ 35 ಡಿಗ್ರಿ. ಉಡುಪಿ, ಮಂಗಳೂರಿನ ಉಷ್ಣಾಂಶವೂ ಬಹುಮಟ್ಟಿಗೆ ಅದೇ. ಚಳಿದೇಶಗಳಲ್ಲಿ ಚಳಿಗಾಲವೆಂಬುದು ಟ್ಯಾಂಕಿಯ ಜೀವಿಗಳಿಗೆ ಕೆಲವು ತಿಂಗಳ ತಡೆ ಹಾಕುತ್ತದೆ, ನಮ್ಮಲ್ಲಿ ಆ ಬಿಡುವಿಲ್ಲ. ಅದರ ಮೇಲೆ ಇಲ್ಲಿಯ ಮಳೆ.

ಡೀಸೆಲ್ಲಿನ ಗುಣವೂ ಬದಲಾಗಿದೆ. 2017ರ ಏಪ್ರಿಲ್‌ನಿಂದ ದೇಶದಾದ್ಯಂತ ಬಂದ ಬಿಎಸ್-4 (ಹೊಗೆ ಮಿತಿಯ ಭಾರತ್ ಸ್ಟೇಜ್ ಮಾನಕ) ಡೀಸೆಲ್ಲಿನಲ್ಲಿ ಗಂಧಕದ ಮಿತಿ 50 ಪಿಪಿಎಂ, ಎಂದರೆ ಹತ್ತು ಲಕ್ಷಕ್ಕೆ 50 ಪಾಲು ಇತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6ರಲ್ಲಿ ಅದು 10 ಪಿಪಿಎಂಗೆ ಇಳಿಯಿತು. ಹೊಗೆಯ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಜೀವಿಗಳಿಗೆ ಅಷ್ಟಾಗಿ ಹಿಡಿಸದ ಕೆಲವು ಸಂಯುಕ್ತಗಳೂ ಹೋಗುತ್ತವೆ ಎಂಬುದು ಒಂದು ವಾದ. ಗಂಧಕವೊಂದನ್ನೇ ದೂರುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಗಂಧಕ ಧಾರಾಳವಾಗಿದ್ದ ಕಾಲದ ಟ್ಯಾಂಕಿಗಳಲ್ಲೂ ಲೋಳೆ ಬೆಳೆಯುತ್ತಿತ್ತು. ಅದಕ್ಕಿಂತ ಖಚಿತವಾದ ಕಾರಣ ಬಯೋಡೀಸೆಲ್. ಸಸ್ಯಜನ್ಯ ಎಣ್ಣೆಯಿಂದ ತಯಾರಾದ ಬಯೋಡೀಸೆಲ್ಲನ್ನು ಶೇಕಡಾ 7ರವರೆಗೆ ಬೆರೆಸಲು ಡೀಸೆಲ್ಲಿನ ಭಾರತೀಯ ಮಾನಕದಲ್ಲಿ ಅವಕಾಶವಿದೆ. ಬಯೋಡೀಸೆಲ್ ಸಾಮಾನ್ಯ ಡೀಸೆಲ್ಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ನೀರನ್ನು ತನ್ನಲ್ಲಿ ಕರಗಿಸಿಕೊಳ್ಳಬಲ್ಲದು, ಮತ್ತು ಜೀವಿಗಳು ಅದನ್ನು ಇನ್ನೂ ಸುಲಭವಾಗಿ ಒಡೆಯಬಲ್ಲವು. ಸದ್ಯ ನಮ್ಮ ಬಂಕುಗಳಲ್ಲಿ ಸಿಗುವ ಡೀಸೆಲ್ಲಿನಲ್ಲಿ ಅದರ ಪಾಲು ಸಣ್ಣದು. ಹೆಚ್ಚಿದಂತೆಲ್ಲ ಟ್ಯಾಂಕಿಯ ಮೇಲೆ ಹೆಚ್ಚು ಕಣ್ಣಿಡಬೇಕಾಗುತ್ತದೆ.

ಹಾಗಾದರೆ ನೀರು ಬರುವುದೆಲ್ಲಿಂದ? ಯಾರನ್ನು ಕೇಳಿದರೂ ಸಿಗುವ ಉತ್ತರ, ಅರ್ಧ ಖಾಲಿಯಾದ ಟ್ಯಾಂಕಿಯೊಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ಹನಿಗಟ್ಟಿ ಇಳಿಯುತ್ತದೆ ಎಂಬುದು. ಮಾತು ಸುಳ್ಳಲ್ಲ, ಆದರೆ ಪ್ರಮಾಣವನ್ನು ಲೆಕ್ಕ ಹಾಕಿ ನೋಡಬೇಕು. 3000 ಲೀಟರಿನ ಟ್ಯಾಂಕಿ ಅರ್ಧ ಖಾಲಿಯಿದೆ, ಮಳೆಗಾಲದಲ್ಲಿ ಹಗಲಿಗೂ ರಾತ್ರಿಗೂ ಉಷ್ಣಾಂಶದಲ್ಲಿ ಆರು ಡಿಗ್ರಿ ವ್ಯತ್ಯಾಸವಿದೆ ಎಂದುಕೊಳ್ಳೋಣ. ಟ್ಯಾಂಕಿ ಹೀಗೆ ಬಿಸಿಯಾಗಿ ತಂಪಾಗುವಾಗ ಬ್ರೀದರ್ ಪೈಪಿನ ಮೂಲಕ ದಿನಕ್ಕೆ ಹೊರಹೋಗಿ ಒಳಬರುವ ಗಾಳಿ ಹೆಚ್ಚೆಂದರೆ 50 ಲೀಟರ್. 30 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಿರುವುದರಿಂದ, ಆ 50 ಲೀಟರಿನಲ್ಲಿ ಒಂದೂವರೆ ಗ್ರಾಂ ಇದ್ದೀತು. ಅಷ್ಟೂ ಒಳಗೆ ಹನಿಯಾಗಿ ಬಿತ್ತು ಎಂದಿಟ್ಟುಕೊಂಡರೂ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ 100 ಮಿಲಿಲೀಟರಿಗಿಂತ ಕಡಿಮೆ.

ಈಗ ಮುಚ್ಚಳದ ಲೆಕ್ಕ. ಕರಾವಳಿಯಲ್ಲಿ ಆ ಎರಡು ತಿಂಗಳಲ್ಲಿ ಬೀಳುವ ಮಳೆ 2000 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ದೋಣಿಯ ಡೆಕ್ಕಿನಲ್ಲಿರುವ, ಹತ್ತು ಸೆಂಟಿಮೀಟರ್ ಅಗಲದ ಡೀಸೆಲ್ ಮುಚ್ಚಳದ ಮೇಲೆ ಮಾತ್ರ ಬೀಳುವ ನೀರು ಹದಿನೈದು ಲೀಟರಿಗೂ ಹೆಚ್ಚು. ಸುತ್ತಲಿನ ಡೆಕ್ಕಿನಿಂದ ಹರಿದು ಬರುವುದು ಬೇರೆ. ಮುಚ್ಚಳದ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿದ್ದು, ಆ ಹದಿನೈದರಲ್ಲಿ ಹತ್ತನೇ ಒಂದು ಪಾಲು ಒಳಗಿಳಿದರೂ ಒಂದೂವರೆ ಲೀಟರ್ ನೀರು ಟ್ಯಾಂಕಿಯಲ್ಲಿ ಕೂತಂತಾಯಿತು. ಎರಡು ತಿಂಗಳ ಹನಿಗಟ್ಟುವಿಕೆಯ ಹದಿನೈದು ಪಟ್ಟಿಗೂ ಮಿಕ್ಕಿ. ಹನಿಗಟ್ಟಿದ ನೂರು ಮಿಲಿಲೀಟರೂ ಜೀವಿಗಳಿಗೆ ಸಾಕಾಗುತ್ತದೆ ಎಂಬುದು ನಿಜವಾದರೂ, ಕೆಲವೇ ರೂಪಾಯಿಯ ವಾಷರನ್ನು ಬದಲಾಯಿಸದೆ ಬ್ರೀದರ್ ಪೈಪಿಗೆ ತೇವ ಹೀರುವ ದುಬಾರಿ ಡಬ್ಬಿ ಕೂರಿಸುವುದು ಕ್ರಮ ತಪ್ಪಿದ ಕೆಲಸ.

ಬ್ರೀದರ್ ಪೈಪಿನ ಬಾಯಿಯೂ ಹೀಗೆಯೇ ಅಲಕ್ಷ್ಯಕ್ಕೆ ಒಳಗಾಗುವ ಜಾಗ. ಅದು ಕೆಳಮುಖವಾಗಿ ಬಾಗಿರಬೇಕು, ತೆರೆ ಸಿಡಿದಾಗ ನೀರು ನುಗ್ಗದಷ್ಟು ಎತ್ತರದಲ್ಲಿರಬೇಕು, ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇರಬೇಕು. ಕಡಲ ನೀರು ಒಳಹೋದರೆ ಮಳೆನೀರಿಗಿಂತ ತೊಂದರೆ ಹೆಚ್ಚು, ಅದರ ಕಾರಣವನ್ನು ಮುಂದೆ ನೋಡೋಣ. ಇನ್ನು ಡೀಸೆಲ್ ತನ್ನೊಡನೆಯೇ ತರುವ ನೀರಿದೆ. ಮಾನಕದ ಪ್ರಕಾರ ಒಂದು ಕಿಲೋ ಡೀಸೆಲ್ಲಿನಲ್ಲಿ 200 ಮಿಲಿಗ್ರಾಂವರೆಗೆ ನೀರಿರಬಹುದು. ಎಂದರೆ 1000 ಲೀಟರಿಗೆ ಸುಮಾರು 165 ಮಿಲಿಲೀಟರ್. ಬೆಚ್ಚಗಿದ್ದಾಗ ಕರಗಿಕೊಂಡಿರುವ ನೀರಿನಲ್ಲಿ ಒಂದಷ್ಟು ಪಾಲು ತಂಪಾದಾಗ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ. ಟ್ಯಾಂಕಿಯ ತಳದಲ್ಲಿ ನೀರು ಬಿಡುವ ನಲ್ಲಿ ಇರಲೇಬೇಕು ಎಂಬುದಕ್ಕೆ ಈ ಲೆಕ್ಕವೊಂದೇ ಸಾಕು.

ನೀರು ಉಳಿದರೆ ಆಗುವ ಹಾನಿಯಲ್ಲಿ ಮೊದಲು ಕಾಣುವುದು ಫಿಲ್ಟರ್ ಕಟ್ಟುವುದು. ಜೀವಿಗಳು ತಿನ್ನುವ ಡೀಸೆಲ್ಲಿನ ಪ್ರಮಾಣ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅವು ತಮ್ಮ ಸುತ್ತ ಸ್ರವಿಸುವ ಅಂಟೇ ತೊಂದರೆಯ ಮೂಲ. ಬಿಡಿ ಬ್ಯಾಕ್ಟೀರಿಯಾ ಹತ್ತು ಮೈಕ್ರಾನಿನ ಫಿಲ್ಟರಿನಿಂದ ಆರಾಮವಾಗಿ ಪಾರಾಗಿ ಹೋಗುತ್ತದೆ, ಕಟ್ಟುವುದು ಅಂಟಿನಿಂದ ಒಂದಕ್ಕೊಂದು ಹಿಡಿದುಕೊಂಡ ಚಾಪೆಯ ಚೂರುಗಳು. ದೋಣಿ ಧಕ್ಕೆಯಲ್ಲಿರುವಾಗ ಆ ಚಾಪೆ ತಳದಲ್ಲಿ ಅಲುಗದೆ ಇರುತ್ತದೆ, ಡೀಸೆಲ್ ಎಳೆಯುವ ಪೈಪು ಅದಕ್ಕಿಂತ ಮೇಲಿರುತ್ತದೆ, ಹಾಗಾಗಿ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಆಗಸ್ಟಿನ ಕಡಲು ಟ್ಯಾಂಕಿಯನ್ನು ಕಲಕಿದಾಗ ಚಾಪೆ ಹರಿದು ಮೇಲೇಳುತ್ತದೆ, ಮತ್ತು ಎಂಜಿನ್ನಿಗೆ ಅತಿ ಹೆಚ್ಚು ಡೀಸೆಲ್ ಬೇಕಾದ ಗಳಿಗೆಯಲ್ಲೇ ದಾರಿ ಮುಚ್ಚುತ್ತದೆ. ಅಳಿವೆಬಾಗಿಲಿನ ಬಳಿ, ಒಂದು ಕಡೆ ಕಲ್ಲಿನ ಗೋಡೆ ಇನ್ನೊಂದು ಕಡೆ ಮರಳದಿಣ್ಣೆ ಇರುವಲ್ಲಿ ಎಂಜಿನ್ ನಿಂತರೆ ಅದು ರಿಪೇರಿಯ ಖರ್ಚಿಗೆ ಮುಗಿಯುವ ಮಾತಲ್ಲ.

ಜೀವಿಗಳು ಹೊರಬಿಡುವ ಕೆಲವು ಪದಾರ್ಥಗಳು ಸೋಪಿನ ಗುಣದವು. ಅವುಗಳಿಂದ ನೀರು ಡೀಸೆಲ್ಲಿನಲ್ಲಿ ನುಣ್ಣನೆಯ ಹನಿಗಳಾಗಿ ಬೆರೆತುಬಿಡುತ್ತದೆ, ಎಂಜಿನ್ನಿಗೆ ಮೊದಲು ನೀರನ್ನು ತಡೆಯುವ ಸೆಪರೇಟರಿನಲ್ಲಿ ಬೇರ್ಪಡದೆ ಮುಂದೆ ಸಾಗುತ್ತದೆ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನುಗಳು ಇದನ್ನು ಒಂದಷ್ಟು ಮಟ್ಟಿಗೆ ತಾಳಿಕೊಳ್ಳುತ್ತಿದ್ದವು. ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಕೊಳವೆಯಿಂದ ಅತಿ ಒತ್ತಡದಲ್ಲಿ ಡೀಸೆಲ್ ಹಂಚುವ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಆ ಒತ್ತಡ 1600 ಬಾರ್ ದಾಟುತ್ತದೆ, ಇಂಜೆಕ್ಟರಿನೊಳಗೆ ಜಾರುವ ಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ. ಅಲ್ಲಿಗೆ ನೀರಿನ ಹನಿ ತಲುಪಿದರೆ ಲೋಹ ಕೊರೆದುಹೋಗುತ್ತದೆ, ಒಂದೊಂದು ಇಂಜೆಕ್ಟರಿನ ಬೆಲೆ ತೆತ್ತವರಿಗೇ ಗೊತ್ತು.

ಮೂರನೆಯದು ತುಕ್ಕು, ಮತ್ತು ಇಲ್ಲಿ ಕಡಲ ನೀರಿನ ಮಾತು ಬರುತ್ತದೆ. ಚಾಪೆಯ ಮೇಲ್ಪದರದ ಜೀವಿಗಳು ಆಮ್ಲಜನಕವನ್ನು ಬಳಸಿ ಮುಗಿಸುವುದರಿಂದ ಅಡಿಯಲ್ಲಿ ಆಮ್ಲಜನಕವಿಲ್ಲದ ಪದರ ಉಂಟಾಗುತ್ತದೆ. ಸಲ್ಫೇಟನ್ನು ಉಸಿರಾಟಕ್ಕೆ ಬಳಸುವ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳಿಗೆ ಅದೇ ಬೇಕಾದ ಜಾಗ. ಮಳೆನೀರಿನಲ್ಲಿ ಸಲ್ಫೇಟ್ ನಗಣ್ಯ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಇರುತ್ತದೆ. ಹಾಗಾಗಿ ದೋಣಿಯ ಟ್ಯಾಂಕಿಗೆ ಉಪ್ಪುನೀರು ಸೇರಿದರೆ ಈ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ತಯಾರಿಸತೊಡಗುತ್ತವೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಉಕ್ಕಿನ ತಳದಲ್ಲಿ ಅಲ್ಲಲ್ಲಿ ಗುಳಿ ಬಿದ್ದು ಕೊನೆಗೆ ತೂತಾಗುತ್ತದೆ. ತಳವೆಲ್ಲ ಒಂದೇ ಸಮ ಸವೆಯುವ ಸಾಮಾನ್ಯ ತುಕ್ಕಿಗಿಂತ ಇದು ಬೇಗ ಕೆಲಸ ಮುಗಿಸುತ್ತದೆ, ಮತ್ತು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ.

ಪರೀಕ್ಷೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ದೋಣಿಯಾಗಲಿ ಜನರೇಟರಾಗಲಿ ರಾತ್ರಿಯಿಡೀ ನಿಂತಿದ್ದ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ತಳದ ನಲ್ಲಿಯಿಂದ ಒಂದು ಲೀಟರಿನಷ್ಟನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿದು, ಒಂದು ಗಂಟೆ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿಯಬೇಕು. ಒಳ್ಳೆಯ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ. ಮಸುಕಾಗಿದ್ದರೆ ನೀರು ಬೆರೆತಿದೆ ಎಂದು ಅರ್ಥ. ಕೆಳಗೆ ನೀರು, ಮೇಲೆ ಡೀಸೆಲ್, ಅವೆರಡರ ನಡುವೆ ಹರಕು ಬಟ್ಟೆಯ ಎಳೆಯಂಥ ಕಂದು ಪೊರೆ ಕಂಡರೆ, ಮತ್ತು ಬಾಟಲಿಯನ್ನು ಮೆಲ್ಲಗೆ ವಾಲಿಸಿದಾಗ ಆ ಪೊರೆ ಗಾಜಿಗೆ ಅಂಟಿಕೊಂಡು ನಿಧಾನವಾಗಿ ಜಾರಿದರೆ ಜೀವಿಗಳ ಬಗ್ಗೆ ಸಂಶಯಪಡಲು ಸಾಕಷ್ಟು ಆಧಾರ ಸಿಕ್ಕಂತೆ. ತಳಕ್ಕೆ ನಲ್ಲಿಯಿಲ್ಲದ ಟ್ಯಾಂಕಿಯಾದರೆ ಬಂಕಿನವರು ಅಳತೆಕೋಲಿಗೆ ಹಚ್ಚುವ ವಾಟರ್ ಪೇಸ್ಟ್ ಉಪಯೋಗಕ್ಕೆ ಬರುತ್ತದೆ. ಕೋಲಿನ ತುದಿಗೆ ಸವರಿ ತಳ ಮುಟ್ಟಿಸಿದರೆ ನೀರಿರುವಷ್ಟು ಎತ್ತರಕ್ಕೆ ಪೇಸ್ಟಿನ ಬಣ್ಣ ಬದಲಾಗುತ್ತದೆ.

ಫಿಲ್ಟರಿನಲ್ಲಿ ಕಪ್ಪು ಕಂಡದ್ದೆಲ್ಲ ಜೀವಿಯಲ್ಲ ಎಂಬುದನ್ನೂ ಹೇಳಬೇಕು. ಬಹುಕಾಲ ನಿಂತ ಡೀಸೆಲ್ ಗಾಳಿಯೊಡನೆ ವರ್ತಿಸಿ ಗೋಂದಿನಂಥ ಜಿಗುಟನ್ನು ತಾನಾಗಿಯೇ ಉಂಟುಮಾಡುತ್ತದೆ. ಟ್ಯಾಂಕಿಯಲ್ಲಿ ಅಥವಾ ಪೈಪಿನಲ್ಲಿ ತಾಮ್ರ, ಹಿತ್ತಾಳೆ, ಸತುವಿನ ಲೇಪದ ಭಾಗಗಳಿದ್ದರೆ ಆ ಕ್ರಿಯೆ ಇನ್ನೂ ವೇಗವಾಗುತ್ತದೆ. ಅಂಥ ಮಡ್ಡಿಗೆ ಜೀವಿನಾಶಕ ಹಾಕಿದರೆ ದುಡ್ಡು ದಂಡ. ಅನುಮಾನವಿದ್ದಲ್ಲಿ, ಅದರಲ್ಲೂ ಆಸ್ಪತ್ರೆಯಂಥ ಕಡೆ, ತಳದ ನೀರಿನ ಮಾದರಿಯನ್ನು ಪರೀಕ್ಷೆಗೆ ಕೊಡಬೇಕು. ಜೀವಕೋಶಗಳಲ್ಲಿರುವ ಎಟಿಪಿ ಎಂಬ ಅಣುವನ್ನು ಬೆಳಕಿನ ಮೂಲಕ ಅಳೆಯುವ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಪೋಷಕ ಪದರ ಹಚ್ಚಿದ ಪಟ್ಟಿಯನ್ನು ಅದ್ದಿ ಜೀವಿಗಳನ್ನು ಬೆಳೆಸಿ ನೋಡುವ ವಿಧಾನಕ್ಕೆ ಕೆಲವು ದಿನ ಬೇಕು. ಯಾವುದನ್ನೇ ಮಾಡಿದರೂ ಮಾದರಿಯನ್ನು ತಳದಿಂದ ತೆಗೆಯಬೇಕು. ಟ್ಯಾಂಕಿಯ ಮೇಲ್ಭಾಗದ ತಿಳಿ ಡೀಸೆಲ್ಲನ್ನು ಕಳುಹಿಸಿ, ಏನೂ ದೋಷವಿಲ್ಲ ಎಂಬ ವರದಿ ತರಿಸಿಕೊಂಡು ನೆಮ್ಮದಿಯಿಂದಿರುವವರೂ ಇದ್ದಾರೆ.

ತಡೆಯ ಕೆಲಸ ಟ್ಯಾಂಕಿ ಕಟ್ಟಿಸುವ ದಿನದಿಂದಲೇ ಆರಂಭವಾಗಬೇಕು. ತಳ ಒಂದು ಮೂಲೆಗೆ ಇಳಿಜಾರಾಗಿರಬೇಕು, ಆ ಮೂಲೆಯಲ್ಲಿ ನಲ್ಲಿ ಇರಬೇಕು, ಎಂಜಿನ್ನಿಗೆ ಹೋಗುವ ಪೈಪು ತಳದಿಂದ ಒಂದಷ್ಟು ಮೇಲೆ ಆರಂಭವಾಗಬೇಕು, ಕೈ ಹಾಕಿ ಒರೆಸುವಷ್ಟು ದೊಡ್ಡ ಮುಚ್ಚಳವೊಂದು ಮೇಲಿರಬೇಕು. ದೋಣಿಯಲ್ಲಿ ಇಳಿಜಾರು ಯಾವ ಕಡೆಗೆ ಎಂಬುದನ್ನು ಅದು ನೀರಿನಲ್ಲಿ ತೇಲುವಾಗ ಸಹಜವಾಗಿ ವಾಲುವ ದಿಕ್ಕನ್ನು ನೋಡಿ ನಿರ್ಧರಿಸಬೇಕು. ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿ ಬೇರೆ ಕಡೆಗೆ ವಾಲಿರಬಹುದು, ಆಗ ನಲ್ಲಿ ತಿರುಗಿಸಿದರೆ ಬರೀ ಡೀಸೆಲ್ ಬರುತ್ತದೆ, ನೀರು ಇನ್ನೊಂದು ಮೂಲೆಯಲ್ಲಿ ಉಳಿದಿರುತ್ತದೆ. ಎಂಜಿನ್ನಿಗೆ ಮೊದಲು ಗಾಜಿನ ಬಟ್ಟಲಿರುವ ವಾಟರ್ ಸೆಪರೇಟರ್ ಅಳವಡಿಸಿ, ಕಡಲಿನಲ್ಲಿರುವಾಗ ದಿನಕ್ಕೊಮ್ಮೆಯಾದರೂ ಅದರ ನೀರು ಬಿಡುವ ಕೆಲಸವನ್ನು ಒಬ್ಬನಿಗೆ ವಹಿಸಬೇಕು. ಎಲ್ಲರ ಕೆಲಸವಾದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ನಿಷೇಧದ ಎರಡು ತಿಂಗಳು ಟ್ಯಾಂಕಿಯನ್ನು ತುಂಬಿಡಬೇಕೋ ಖಾಲಿ ಮಾಡಬೇಕೋ ಎಂಬುದು ಬಂದರಿನಲ್ಲಿ ಮುಗಿಯದ ಚರ್ಚೆ. ಪುಸ್ತಕದ ಉತ್ತರ, ಹಿಗ್ಗಲು ಶೇಕಡಾ ಐದರಷ್ಟು ಜಾಗ ಬಿಟ್ಟು ತುಂಬಿಡಿ ಎಂಬುದು. ಗಾಳಿ ಕಡಿಮೆಯಾದಷ್ಟೂ ತೇವವೂ ಕಡಿಮೆ, ಉಕ್ಕಿನ ಗೋಡೆಗಳಿಗೆ ತುಕ್ಕೂ ಕಡಿಮೆ. ಆದರೆ ಕೆಲವು ಸಾವಿರ ಲೀಟರ್ ಡೀಸೆಲ್ ಎಂದರೆ ಲಕ್ಷಗಟ್ಟಲೆ ಹಣ ಎರಡು ತಿಂಗಳು ಸುಮ್ಮನೆ ಕೂರುತ್ತದೆ, ಕಳ್ಳತನದ ಭಯ ಬೇರೆ. ಅದು ಸಾಧ್ಯವಿಲ್ಲದವರು ಇನ್ನೊಂದು ತುದಿಗೆ ಹೋಗಬೇಕು: ಮೇ ಕೊನೆಯ ಟ್ರಿಪ್ಪಿನ ಬಳಿಕ ಪೂರ್ತಿ ಬಸಿದು, ತಳ ಒರೆಸಿ ಒಣಗಿಸಿ, ಮುಚ್ಚಳ ಬಿಗಿದು, ಅದರ ಮೇಲೆ ಟಾರ್ಪಾಲು ಕಟ್ಟಿಡಬೇಕು. ಎರಡೂ ಕ್ರಮಗಳು ಸರಿಯೇ. ಸರಿಯಲ್ಲದ್ದು ಹೆಚ್ಚಿನವರು ಮಾಡುವ ಕ್ರಮ, ಅಂದರೆ ಕೊನೆಯ ಟ್ರಿಪ್ಪಿನಲ್ಲಿ ಉಳಿದ ನಾಲ್ಕೈದು ನೂರು ಲೀಟರನ್ನು ತಳದಲ್ಲಿ ಬಿಟ್ಟು ಮನೆಗೆ ಹೋಗುವುದು, ಮತ್ತು ಆಗಸ್ಟಿನಲ್ಲಿ ಅದರ ಮೇಲೆಯೇ ಹೊಸ ಡೀಸೆಲ್ ಸುರಿಯುವುದು.

ಮಂಗಳೂರಿನ ಅಪಾರ್ಟ್‌ಮೆಂಟುಗಳ ಮತ್ತು ಮಣಿಪಾಲದ ಹಾಸ್ಟೆಲುಗಳ ಜನರೇಟರುಗಳಿಗೆ ತೊಂದರೆ ಬೇರೆ ದಿಕ್ಕಿನಿಂದ ಬರುತ್ತದೆ. ಒಂದೊಂದು ಪಾತ್ರೆಯಲ್ಲಿ 1000 ಲೀಟರ್ ಮೀರದಂತೆ, ಒಟ್ಟು 2500 ಲೀಟರಿನವರೆಗೆ ಡೀಸೆಲ್ ಇಡಲು ಪೆಟ್ರೋಲಿಯಂ ಕಾಯ್ದೆಯಡಿ ಲೈಸೆನ್ಸ್ ಬೇಕಾಗಿಲ್ಲ. ಆದ್ದರಿಂದ 990 ಲೀಟರಿನ ಟ್ಯಾಂಕಿ ಸಾಮಾನ್ಯ. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ ನೋಡುವುದಕ್ಕೆ ಎರಡು ಲೀಟರ್ ಖರ್ಚಾದರೆ ವರ್ಷಕ್ಕೆ ನೂರು ಲೀಟರಾಯಿತು. ಕರೆಂಟು ಅಷ್ಟಾಗಿ ಹೋಗದ ಬಡಾವಣೆಯಲ್ಲಿ ಆ ಟ್ಯಾಂಕಿಯ ಡೀಸೆಲ್ ಒಂಬತ್ತು ವರ್ಷ ಹಳತಾಗಲು ಅಡ್ಡಿಯಿಲ್ಲ, ಮತ್ತು ಗಾಳಿಮಳೆಗೆ ಕಂಬ ಉರುಳಿ ಎರಡು ದಿನ ಕರೆಂಟಿಲ್ಲದ ಹೊತ್ತಿನಲ್ಲೇ ಅದರ ಪರೀಕ್ಷೆಯಾಗುತ್ತದೆ. ಇಲ್ಲಿ ತುಂಬಿಡಿ ಎಂಬ ಸಲಹೆ ನಡೆಯುವುದಿಲ್ಲ. ಆರು ತಿಂಗಳಿಂದ ಒಂದು ವರ್ಷದೊಳಗೆ ಮುಗಿಯುವಷ್ಟನ್ನೇ ಸಂಗ್ರಹಿಸಬೇಕು. ಹೆಚ್ಚು ಇಡಲೇಬೇಕಾದ ಆಸ್ಪತ್ರೆಗಳು ಹಳೆಯದನ್ನು ಮೊದಲು ಬಳಸುವ ಏರ್ಪಾಡು ಮಾಡಿಕೊಂಡು, ಪಂಪು ಮತ್ತು ಫಿಲ್ಟರಿನ ಮೂಲಕ ಟ್ಯಾಂಕಿಯ ಡೀಸೆಲ್ಲನ್ನು ಕಾಲಕಾಲಕ್ಕೆ ಸುತ್ತಿಸಿ ಸೋಸಬೇಕು. ನೆಲಮಾಳಿಗೆಯ ಟ್ಯಾಂಕಿಯ ಬ್ರೀದರ್ ಪೈಪು ಅಂಗಳದಲ್ಲಿ ಎಷ್ಟು ಎತ್ತರಕ್ಕಿದೆ, ಮಳೆನೀರು ನಿಂತರೆ ಅದರ ಬಾಯಿ ಮುಳುಗುತ್ತದೆಯೇ ಎಂಬುದನ್ನು ಮೇ ತಿಂಗಳಲ್ಲೇ ನೋಡಿಕೊಳ್ಳಬೇಕು.

ಡ್ರಮ್ಮುಗಳ ಬಗ್ಗೆ ಒಂದು ಮಾತು. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ಅಂಚು ಎದ್ದಿರುವುದರಿಂದ ಮಳೆನೀರು ಮೇಲೆ ಕೆರೆಯಂತೆ ನಿಲ್ಲುತ್ತದೆ, ರಾತ್ರಿ ಡ್ರಮ್ಮು ತಂಪಾಗಿ ಒಳಗಿನ ಗಾಳಿ ಕುಗ್ಗಿದಾಗ ಬಿರಡೆಯ ಸಂದಿನಿಂದ ಆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸೂರಿನಡಿ ಇಡಲಾಗದಿದ್ದರೆ ಮಲಗಿಸಿ, ಎರಡೂ ಬಿರಡೆಗಳು ಅಡ್ಡಸಾಲಿನಲ್ಲಿ ಒಳಗಿನ ಡೀಸೆಲ್ಲಿನ ಮಟ್ಟಕ್ಕಿಂತ ಕೆಳಗೆ ಬರುವಂತೆ ಇಡಬೇಕು.

ಇಷ್ಟಾದ ಮೇಲೆ ಜೀವಿನಾಶಕದ ಮಾತು. ಐಸೋಥಯಾಜೋಲಿನೋನ್, ಮಾರ್ಫೋಲಿನ್, ಆಕ್ಸಜೋಲಿಡಿನ್ ಗುಂಪುಗಳ ರಾಸಾಯನಿಕಗಳು ಈ ಕೆಲಸಕ್ಕೆಂದೇ ಇವೆ. ಒಳ್ಳೆಯ ಜೀವಿನಾಶಕ ಡೀಸೆಲ್ಲಿನಲ್ಲಿ ಹರಡಿಕೊಂಡು ಬಳಿಕ ತಳದ ನೀರಿಗೂ ಇಳಿಯಬೇಕು, ಜೀವಿಗಳು ಇರುವುದು ಅಲ್ಲೇ ಆದ್ದರಿಂದ. ತಳದಲ್ಲಿ ಬಕೆಟುಗಟ್ಟಲೆ ನೀರಿದ್ದರೆ ಅದು ತೆಳುವಾಗಿ ಹೋಗುತ್ತದೆ; ಮೊದಲು ನೀರು ಬಸಿಯಬೇಕು ಎಂಬುದಕ್ಕೆ ಇದೇ ಕಾರಣ. ದಪ್ಪ ಚಾಪೆ ಬೆಳೆದಿದ್ದರೆ ಮೇಲಿನ ಪದರ ಸತ್ತು ಅಡಿಯದು ಉಳಿಯುತ್ತದೆ, ಹಾಗಾಗಿ ಕೈಯಿಂದ ತೆಗೆಯಬಹುದಾದ್ದನ್ನೆಲ್ಲ ತೆಗೆದ ಮೇಲೆ, ಡಬ್ಬಿಯಲ್ಲಿ ಹೇಳಿದ ಪೂರ್ಣ ಪ್ರಮಾಣವನ್ನು ಹಾಕಿ, ಹೇಳಿದಷ್ಟು ಹೊತ್ತು ಬಿಡಬೇಕು. ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋದರೆ ತಾಳಿಕೊಳ್ಳುವ ಜೀವಿಗಳನ್ನು ನಾವೇ ಆರಿಸಿ ಬೆಳೆಸಿದಂತಾಗುತ್ತದೆ. ಸತ್ತ ಚಾಪೆ ಕರಗಿ ಮಾಯವಾಗುವುದಿಲ್ಲ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಅದು ಚೂರಾಗಿ ಫಿಲ್ಟರಿಗೇ ಬರುತ್ತದೆ. ಚಿಕಿತ್ಸೆಯ ಬಳಿಕದ ಮೊದಲ ಟ್ರಿಪ್ಪಿಗೆ ಮೂರು ನಾಲ್ಕು ಹೆಚ್ಚುವರಿ ಫಿಲ್ಟರ್ ಇಲ್ಲದೆ ಹೊರಡಬಾರದು. ಈ ರಾಸಾಯನಿಕಗಳು ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ, ಕೈಗವಸು ಮತ್ತು ಕನ್ನಡಕ ಬೇಕೇ ಬೇಕು.

ಇವುಗಳ ಬದಲಿಗೆ ಬ್ಲೀಚಿಂಗ್ ದ್ರಾವಣ, ಫಿನಾಯಿಲ್ ಹಾಕುವ ಸಲಹೆಗಳನ್ನು ಕೇಳಬಾರದು. ಕ್ಲೋರಿನ್ ಲೋಹವನ್ನು ತಿನ್ನುತ್ತದೆ. ಸೀಮೆಎಣ್ಣೆ ಬೆರೆಸಿದರೆ ಜೀವಿ ಸಾಯುತ್ತದೆ ಎಂಬ ನಂಬಿಕೆಯೂ ಹುರುಳಿಲ್ಲದ್ದು, ಅದೇ ಎಣ್ಣೆಯ ಹೆಸರನ್ನು ಹೊತ್ತ ಶಿಲೀಂಧ್ರದ ಬಗ್ಗೆ ಮೇಲೆ ಹೇಳಿದ್ದೇನೆ. ನೀರನ್ನು ಡೀಸೆಲ್ಲಿನಲ್ಲಿ ಬೆರೆಸಿ ಎಂಜಿನ್ನಿನಲ್ಲೇ ಸುಟ್ಟುಹಾಕುತ್ತದೆ ಎಂದು ಮಾರುವ ದ್ರಾವಣಗಳನ್ನು ಕಾಮನ್ ರೈಲ್ ಎಂಜಿನ್ ಇರುವವರು ದೂರವಿಡುವುದು ಕ್ಷೇಮ. ನಮಗೆ ಬೇಕಾದದ್ದು ನೀರು ಬೇರ್ಪಟ್ಟು ತಳಕ್ಕಿಳಿಯುವುದು, ಹನಿಯೊಡೆದು ಇಂಜೆಕ್ಟರಿಗೆ ಹೋಗುವುದಲ್ಲ.

ಟ್ಯಾಂಕಿ ತೊಳೆಯುವಾಗ ಯಾರನ್ನೂ ಒಳಗಿಳಿಸಬಾರದು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಅದು ಕುಂದಿಸುವುದರಿಂದ ವಾಸನೆ ನಿಂತಿತು ಎಂದರೆ ಅಪಾಯ ಕಳೆಯಿತು ಎಂದಲ್ಲ. ಮೇಲಿನ ಮುಚ್ಚಳದಿಂದಲೇ ಉದ್ದ ಹಿಡಿಕೆಯ ಸಾಧನದಲ್ಲಿ ಕೆರೆದು, ಪಂಪಿನಿಂದ ಹೀರಿ ತೆಗೆಯಬೇಕು. ಒಳಗಿಳಿಯದೆ ಆಗದಷ್ಟು ದೊಡ್ಡ ಟ್ಯಾಂಕಿಯಾದರೆ ಗಾಳಿ ಪರೀಕ್ಷಿಸುವ ಉಪಕರಣವಿದ್ದು ಅದರಲ್ಲಿ ತರಬೇತಾದವರನ್ನು ಕರೆಸಬೇಕು. ಬಸಿದ ನೀರು ಮತ್ತು ಮಡ್ಡಿಯಲ್ಲಿ ಡೀಸೆಲ್ ಇರುತ್ತದೆ, ಜೀವಿನಾಶಕವೂ ಇರಬಹುದು. ಅದನ್ನು ಬಂದರಿನ ನೀರಿಗೆ, ಹೊಳೆಗೆ ಅಥವಾ ಚರಂಡಿಗೆ ಬಿಡುವುದು ಕಾನೂನಿಗೆ ವಿರುದ್ಧ. ಮುಚ್ಚಳವಿರುವ ಡ್ರಮ್ಮಿನಲ್ಲಿ, ಬಳಸಿದ ಎಂಜಿನ್ ಆಯಿಲ್‌ನಿಂದ ಬೇರೆಯಾಗಿ ಸಂಗ್ರಹಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಗ್ರಹಕಾರರಿಗೆ ಒಪ್ಪಿಸಬೇಕು. ಆಯಿಲ್‌ಗೆ ಬೆರೆಸಿಟ್ಟರೆ ಶುದ್ಧೀಕರಿಸಿ ಮರುಬಳಸಬಹುದಾದ ಆಯಿಲೂ ಕೆಡುತ್ತದೆ.